ತುಂಗಕ್ಕನ ಕಂಠವೂ ಮೌನತಾಳ ಯಂತ್ರವೂ

“ಸದ್ದೇ ಇಲ್ಲದ ತಾಳ! ಪ್ರಪಂಚದಲ್ಲೇ ಮೊದಲನೆಯದು!” ಎಂದು ಶ್ರೀಕಂಠಯ್ಯನವರು ಮೇಜಿನ ಮೇಲೆ ಮುಚ್ಚಿದ್ದ ಟವೆಲ್ಲನ್ನು ಸರ್ರನೆ ಎಳೆದರು.

ಟವೆಲ್ಲಿನ ಕೆಳಗಿದ್ದದ್ದು ಕಾತ್ಯಾಯಿನಿಯ ಇಡ್ಲಿ ಪಾತ್ರೆ.

“ರೀ! ಇದನ್ನ ಹುಡುಕಿ ಹುಡುಕಿ ಸಾಕಾಗಿತ್ತು ನನಗೆ! ಸುಮ್ಮನೆ ಕೆಲಸದವಳ ಮೇಲೆ ಅನುಮಾನ ಬೇರೆ ಪಟ್ಟೆ!”

“ಈಗ ಇದು ಪಾತ್ರೆ ಅಲ್ಲ ಕಣೇ. ಮೌನತಾಳ ಯಂತ್ರ!” ಎಂದರು ಅವಳ ಗಂಡ. ಪಾತ್ರೆಯ ಮುಚ್ಚಳದ ಮೇಲೆ ನಾಲ್ಕಾರು ತಿರುಗಣೆಗಳು, ತಳದಲ್ಲಿ ನೆಲಕ್ಕೆ ಊರುವ ಕಬ್ಬಿಣದ ಕಾಲುಗಳು, ಪಕ್ಕದಿಂದ ಹೊರಟ ತಂತಿಯ ತುದಿಯಲ್ಲಿ ರಕ್ತದೊತ್ತಡ ನೋಡುವಾಗ ತೋಳಿಗೆ ಸುತ್ತುವಂಥ ಪಟ್ಟಿ. ಒಳಗೆ ಏನೋ ಉಸಿರಾಡುತ್ತಿರುವ ಹಾಗೆ ಸಣ್ಣಗೆ ಕಂಪಿಸುತ್ತಿತ್ತು.

ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಮೇಲೆ ಶ್ರೀಕಂಠಯ್ಯನವರು ಯಂತ್ರ ಕಟ್ಟುವುದು ಬಿಟ್ಟು ಬೇರೇನನ್ನೂ ಮಾಡಿರಲಿಲ್ಲ. ತುಳಸಿಗೆ ತಾನೇ ನೀರು ಹಾಕುವ ಯಂತ್ರ ಮಾಡಿ ಪಕ್ಕದ ಮನೆಯ ಪುಟ್ಟಸ್ವಾಮಿ ಮೇಷ್ಟ್ರಿಗೆ ಬೆಳಬೆಳಗ್ಗೆ ಸ್ನಾನ ಮಾಡಿಸಿದ್ದರು. ಸೊಳ್ಳೆ ಓಡಿಸುವ ಯಂತ್ರ ಮಾಡಿದಾಗ ಬೀದಿಯ ಸೊಳ್ಳೆಗಳೆಲ್ಲ ಇವರ ಮನೆಗೇ ಬಂದು ಸೇರಿದ್ದವು. ಆದರೆ ಈ ಸಲದ ಯಂತ್ರ ಹವ್ಯಾಸಕ್ಕೆ ಮಾಡಿದ್ದಲ್ಲ, ಅಕ್ಕನಿಗಾಗಿ ಮಾಡಿದ್ದು. ಆದ್ದರಿಂದ ಇಡ್ಲಿ ಪಾತ್ರೆಯ ತಳ ಕೊರೆದದ್ದನ್ನು ಕಣ್ಣಾರೆ ನೋಡಿಯೂ ಕಾತ್ಯಾಯಿನಿ ಬಾಯಿ ಮುಚ್ಚಿಕೊಂಡಳು.

ಅಕ್ಕ ಎಂದರೆ ತುಂಗಕ್ಕ. ಹಾಸನದ ಬಡಾವಣೆಗಳಲ್ಲಿ ಮದುವೆ, ಮುಂಜಿ, ಸೀಮಂತ ಏನೇ ಇರಲಿ, ಹಾಡಿಗೆ ತುಂಗಕ್ಕ ಬರಬೇಕು. ಮದುಮಗನಿಗೆ ಎಣ್ಣೆ ಹಚ್ಚುವಾಗ ಎಣ್ಣೆ ಹಾಡು, ಆರತಿ ಎತ್ತುವಾಗ ಆರತಿ ಹಾಡು, ತೊಟ್ಟಿಲು ತೂಗುವಾಗ ಲಾಲಿ. ಕೊನೆಗೆ ಮದುಮಗಳ ಕೈಯನ್ನು ಹಾಲಿನಲ್ಲಿ ಅದ್ದಿ ಅತ್ತೆಯ ಕೈಗೆ ಇಡುವಾಗ ಹೆಣ್ಣೊಪ್ಪಿಸುವ ಹಾಡು. ಇವೆಲ್ಲ ಇದ್ದದ್ದು ಅವರ ಗಂಟಲಲ್ಲಿ ಮಾತ್ರ. ಈಗ ಆ ಗಂಟಲಲ್ಲೇ ಒಂದು ಗಂಟು ಎದ್ದಿತ್ತು. ಮುಂದಿನ ವಾರ ಆಪರೇಶನ್. ದನಿ ಉಳಿಯುತ್ತದೆ ಎಂದು ಭರವಸೆ ಕೊಡಲಾರೆ ಅಂತ ಡಾಕ್ಟರು ಮುಖಕ್ಕೇ ಹೇಳಿಬಿಟ್ಟಿದ್ದರು. ಅದಕ್ಕೇ ನಾಳೆ ಬೆಳಗ್ಗೆ ಸ್ಟುಡಿಯೋಗೆ ಹೋಗಿ ಎಲ್ಲವನ್ನೂ ಹಾಡಿ ಇಟ್ಟುಬಿಡಬೇಕೆಂದು ನಿಗದಿಯಾಗಿತ್ತು. ನಾಳೆ ತಪ್ಪಿದರೆ ಆ ಕಂಠ ಮತ್ತೆ ಸಿಗುವ ಹಾಗಿರಲಿಲ್ಲ.

ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಸಂಕಟಪಟ್ಟವಳು ಕಾತ್ಯಾಯಿನಿ. ಮದುವೆಯಾಗಿ ಬಂದಾಗಿನಿಂದ ಅವಳು ಗಂಡನ ಈ ಅಕ್ಕನ ಬೆನ್ನ ಹಿಂದೆ ನಿಂತು ಎರಡನೇ ದನಿ ಹಾಡಿದವಳು. ಒಂದು ಚೂರು ಮುಂದೆ ಹೋದರೆ ಸಾಕು, “ಯಾಕೆ ಓಡ್ತೀಯ, ಬಸ್ಸು ತಪ್ಪಿಹೋಗುತ್ತಾ?” ಎಂದು ತುಂಬಿದ ಮದುವೆಮನೆಯಲ್ಲೇ ಬೈಗಳು ಬೀಳುತ್ತಿದ್ದವು. ಆ ಬೈಗಳಿಗೆ ಅವಳು ಎಷ್ಟೋ ಸಲ ಅಡುಗೆಮನೆಯಲ್ಲಿ ಕೂತು ಅತ್ತಿದ್ದಳು. ಆದರೂ ಆ ದನಿ ಇಲ್ಲದ ಒಂದು ಮದುವೆಯನ್ನು ನೆನೆಸಿಕೊಂಡರೆ ಅವಳಿಗೆ ಅದು ಮದುವೆಯೆಂದೇ ಅನಿಸುತ್ತಿರಲಿಲ್ಲ.

ಸ್ಟುಡಿಯೋದ ರಫೀಕ್ ಕೇಳಿದ್ದು ಒಂದೇ ಒಂದು. “ಅಮ್ಮ, ಬರೋ ಮುಂಚೆ ಒಂದೊಂದು ಹಾಡಿನ ಟೆಂಪೋ ನಿರ್ಧಾರ ಮಾಡ್ಕೊಂಡು ಬನ್ನಿ. ನಿಮಿಷಕ್ಕೆ ಎಷ್ಟು ಬಡಿತ ಅಂತ ಹೇಳಿದರೆ ತಾಳ ಹಾಕಿಡ್ತೀನಿ. ಹೆಡ್‌ಫೋನಲ್ಲಿ ಕೇಳ್ತಾ ಹಾಡಿಬಿಡಿ.”

ಇದರಲ್ಲಿ ಏನು ಕಷ್ಟ ಅಂತ ಕೇಳಬಹುದು. ತುಂಗಕ್ಕನ ಹಾಡಿನ ಮಂಡಳಿಯ ಮೂರನೇ ದನಿ, ಶಾಲೆಯಲ್ಲಿ ಸಂಗೀತ ಹೇಳಿಕೊಡುವ ಕೋಮಲಳೂ ಹಾಗೇ ಅಂದುಕೊಂಡಿದ್ದಳು. ಮೊಬೈಲಿನಲ್ಲಿ ಟಿಕ್ ಟಿಕ್ ಎನ್ನುವ ಆ್ಯಪ್ ಹಾಕಿಕೊಂಡು ತುಂಗಕ್ಕನ ಮುಂದೆ ಕೂತಿದ್ದಳು.

“ಎಣ್ಣೆ ಹಾಡಿಗೆ ಎಷ್ಟು ಇಡೋಣ ತುಂಗಮ್ಮ?”

“ಗಂಡು ಎಷ್ಟು ದಪ್ಪ ಇದಾನೆ?”

“ಯಾವ ಗಂಡು?”

“ಎಣ್ಣೆ ಹಚ್ಚಿಸಿಕೊಳ್ಳೋ ಗಂಡು! ದಪ್ಪಗಿದ್ದರೆ ಹಾಡು ನಿಧಾನ. ಸಣಕಲ ಆದರೆ ಬೇಗ ಮುಗಿಸ್ತೀವಿ.”

“ಸ್ಟುಡಿಯೋದಲ್ಲಿ ಗಂಡು ಎಲ್ಲಿ ಬರ್ತಾನೆ ತುಂಗಮ್ಮ! ತೊಂಬತ್ತಾರು ಇಡೋಣ, ಕೇಳಿ.” ಟಿಕ್ ಟಿಕ್ ಟಿಕ್.

“ಅಯ್ಯೋ, ಹಿಂಗೆ ತಿಕ್ಕಿದರೆ ಚರ್ಮ ಕಿತ್ತು ಬರುತ್ತೆ ಕಣಮ್ಮ! ಮಂಟಪಕ್ಕಲ್ಲ, ಆಸ್ಪತ್ರೆಗೆ ಹೋಗ್ತಾನೆ!”

“ಸರಿ, ಎಪ್ಪತ್ತು?”

“ಅಷ್ಟರಲ್ಲಿ ಎಣ್ಣೆ ಒಣಗಿರುತ್ತೆ.”

“ಹೋಗಲಿ, ಆರತಿ ಹಾಡು?”

“ಬೆಳ್ಳಿ ತಟ್ಟೆನೋ ಸ್ಟೀಲ್ ತಟ್ಟೆನೋ?”

ಕೋಮಲ ಮೊಬೈಲ್ ಕೆಳಗಿಟ್ಟಳು. ಇದು ಹಟದ ಮಾತಲ್ಲ ಎಂದು ಕಾತ್ಯಾಯಿನಿಗೆ ಗೊತ್ತಿತ್ತು. ಈ ಹಾಡುಗಳಿಗೆ ಸ್ವಂತದ ವೇಗವೇ ಇರಲಿಲ್ಲ. ಕೈಯಲ್ಲಿರುವ ಕೆಲಸ ಎಷ್ಟು ಬೇಗವೋ ಹಾಡೂ ಅಷ್ಟೇ ಬೇಗ. ಬರಿಗೈಯಲ್ಲಿ ಕೂತು ಹಾಡು ಅಂದಾಗ ಊರಿಗೇ ತಾಳ ಹಾಕಿದ ತುಂಗಕ್ಕ ಮೊದಲ ಸಾಲಿನಲ್ಲಿ ಓಡಿದರು, ಎರಡನೆಯದರಲ್ಲಿ ಎಳೆದರು, ಮೂರನೆಯದರಲ್ಲಿ ನಿಂತೇ ಹೋದರು. ಹೆಡ್‌ಫೋನ್ ಹಾಕಿದರೆ ಅವರ ಕಿವಿಯ ಮಿಷನ್ನು ಕುಂಯ್ ಎಂದು ಚೀರಿ ಅವರನ್ನು ಹಾರಿಬೀಳಿಸಿತು.

ಅದಕ್ಕೇ ಈ ಮೌನತಾಳ. “ಅಕ್ಕ ನಿಜವಾಗಿ ಕೆಲಸ ಮಾಡ್ತಾ ಹಾಡಲಿ. ಈ ಪಟ್ಟಿ ಅವಳ ಕೈಯಿಂದ ಓಟ ಹಿಡ್ಕೊಳ್ಳುತ್ತೆ. ಆಮೇಲೆ ಅದೇ ಓಟವನ್ನ ನೆಲದ ಮೂಲಕ ಪಾದಕ್ಕೆ, ಪಾದದಿಂದ ಮೂಳೆಗೆ ಕೊಡುತ್ತೆ. ಕಿವಿಯ ತಂಟೆಯೇ ಬೇಡ!” ಎಂದು ಶ್ರೀಕಂಠಯ್ಯನವರು ವಿವರಿಸಿದರು.

ಮದುಮಗ ಸಿಗದ ಕಾರಣ ತುಂಗಕ್ಕ ಒಂದು ಕುಂಬಳಕಾಯಿಗೆ ಎಣ್ಣೆ ಹಚ್ಚಿದರು. ಅದನ್ನೇ ಮಣೆಯ ಮೇಲೆ ಕೂರಿಸಿ ಆರತಿ ಎತ್ತಿದರು. ಸೀರೆಯ ಜೋಲಿ ಕಟ್ಟಿ ಅದನ್ನೇ ಮಲಗಿಸಿ ತೂಗಿ ಲಾಲಿ ಹಾಡಿದರು. ಬೆಳಗಿನಿಂದ ಮಧ್ಯಾಹ್ನದೊಳಗೆ ಕುಂಬಳಕಾಯಿಯ ಸಂಸಾರವೆಲ್ಲ ಮುಗಿದುಹೋಯಿತು. ಆದರೆ ಹೆಣ್ಣೊಪ್ಪಿಸುವ ಹಾಡಿಗೆ ಮಾತ್ರ ಅವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ಉಳಿದದ್ದೆಲ್ಲ ಆಯ್ತು, ತಮಾಷೆಗೆ ಮಾಡಿದೆ. ಒಪ್ಪಿಸೋ ಶಾಸ್ತ್ರ ತಮಾಷೆ ಅಲ್ಲ ಕಣೋ ಶ್ರೀಕಂಠ. ಒಂದು ಸಲ ಒಪ್ಪಿಸಿದರೆ ಮುಗೀತು, ಆ ಕೈನ ವಾಪಸ್ ತಗೊಳ್ಳೋ ಹಾಗಿಲ್ಲ. ಅದನ್ನ ನಾಳೆ ಅಲ್ಲೇ ನೋಡ್ಕೊಳ್ಳೋಣ.”

“ಸರಿ, ಮೊದಲು ಎಣ್ಣೆ ಹಾಡು!” ಎಂದು ಶ್ರೀಕಂಠಯ್ಯನವರು ಯಂತ್ರವನ್ನು ನೆಲದ ಮೇಲಿಟ್ಟು ತಿರುಗಣೆ ತಿರುಗಿಸಿದರು.

ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಾತ್ಯಾಯಿನಿಗೆ ಅಂಗಾಲಿನಲ್ಲಿ ಒಂದು ತಟ್ಟು ಗೊತ್ತಾಯಿತು. ನೆಲದಡಿಯಲ್ಲಿ ಯಾರೋ ಮಲಗಿಕೊಂಡು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿರುವ ಹಾಗಿತ್ತು. ಅದು ಕಣಕಾಲಿಗೆ ಏರಿತು, ಮಂಡಿಗೆ ಏರಿತು. ತುಂಗಕ್ಕನ ಮುಖ ಅರಳಿತು. “ಇದೇ! ಇದೇ ಓಟ! ನನ್ನ ಕೈಯೇ ಇದು!” ಎಂದು ಅವರು ಹಾಡಿಗೆ ಬಾಯಿ ತೆರೆದರು. ಒಂದು ಚೂರೂ ಓಡಲಿಲ್ಲ, ಎಳೆಯಲಿಲ್ಲ.

ಆಗ ಕೋಮಲ ಎದ್ದಳು. ಕುಂಬಳಕಾಯಿಗೆ ಹಚ್ಚಿ ಉಳಿದಿದ್ದ ಎಣ್ಣೆಯ ಬಟ್ಟಲನ್ನು ಎತ್ತಿಕೊಂಡು ಶ್ರೀಕಂಠಯ್ಯನವರ ಹಿಂದೆ ಬಂದು ನಿಂತು ಅವರ ಬೋಳು ತಲೆಗೆ ಎಣ್ಣೆ ತಿಕ್ಕತೊಡಗಿದಳು.

“ಏನಮ್ಮ ಇದು!” ಎಂದರು ಅವರು. ಅಷ್ಟರಲ್ಲಿ ಅವರ ಕೈಗಳು ಟೀವಿಯನ್ನು ನೀವತೊಡಗಿದ್ದವು.

“ಈಗ ಸಿಕ್ಕಿತು ಸಾರ್, ಇದು ಎಂಬತ್ತರ ಹತ್ತಿರ ಬರುತ್ತೆ,” ಎಂದು ಕೋಮಲ ಸಹಜವಾಗಿ ಮಾತಾಡುತ್ತಲೇ ಇದ್ದಳು. ತನ್ನ ಕೈ ಏನು ಮಾಡುತ್ತಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಕಾತ್ಯಾಯಿನಿ ತನ್ನ ಕೈ ನೋಡಿಕೊಂಡಳು. ಅದು ಗೋಡೆಯನ್ನು ಸವರುತ್ತಿತ್ತು. ನಿಲ್ಲು ಎಂದರೆ ನಿಲ್ಲಲಿಲ್ಲ.

“ರೀ! ನನ್ನ ಕೈ ನನ್ನ ಮಾತು ಕೇಳ್ತಿಲ್ಲ!”

ಕಿಟಕಿಯಾಚೆ ಪುಟ್ಟಸ್ವಾಮಿ ಮೇಷ್ಟ್ರು ಒಂದು ಕೈಯಲ್ಲಿ ಪೇಪರು ಓದುತ್ತಾ ಇನ್ನೊಂದು ಕೈಯಿಂದ ಗೇಟಿಗೆ ಎಣ್ಣೆ ಹಚ್ಚುವಂತೆ ತಿಕ್ಕುತ್ತಿದ್ದರು. ಅವರ ಕೈ, ಕೋಮಲಳ ಕೈ, ಕಾತ್ಯಾಯಿನಿಯ ಕೈ ಎಲ್ಲ ಒಂದೇ ಓಟದಲ್ಲಿ ಹೋಗಿ ಬರುತ್ತಿದ್ದವು. ಅವಳಿಗೆ ಹೆದರಿಕೆಯಾಯಿತು.

ಶ್ರೀಕಂಠಯ್ಯನವರು ಹೇಗೋ ಮೊಣಕೈಯಿಂದ ತಿರುಗಣೆ ಆರಿಸಿದರು. ಎಲ್ಲರ ಕೈಗಳೂ ತೊಪ್ಪನೆ ಇಳಿದವು.

“ಅದ್ಭುತ! ಬರೀ ಓಟ ಅಲ್ಲ, ಕೈಯ ಕೆಲಸವೂ ಒಳಗೆ ಹೋಗಿಬಿಟ್ಟಿದೆ!” ಎಂದು ಅವರು ಎಣ್ಣೆ ಸೋರುವ ತಲೆಯಲ್ಲೇ ಕುಣಿದಾಡಿದರು.

“ಪಕ್ಕದ ಮನೆಗೂ ಹೋಗಿದೆಯಲ್ರೀ!”

“ನೆಲ ಒಂದೇ ಅಲ್ವೇನೇ ಅವರಿಗೂ ನಮಗೂ?”

“ಇಷ್ಟಕ್ಕೇ ನಿಲ್ಲಿಸಿ. ನನಗೆ ಸರಿ ಕಾಣ್ತಿಲ್ಲ.”

“ನಿಲ್ಲಿಸಬೇಡ ಶ್ರೀಕಂಠ. ಓಟ ಸರಿಯಾಗಿದೆ,” ಎಂದರು ತುಂಗಕ್ಕ. ಅವರಿಗೆ ಓಟದ ಮುಂದೆ ಉಳಿದದ್ದೆಲ್ಲ ಲೆಕ್ಕಕ್ಕಿರಲಿಲ್ಲ.

ಆರತಿ ಹಾಡಿನ ತಿರುಗಣೆ ತಿರುಗಿತು. ಈ ಸಲ ಕಾತ್ಯಾಯಿನಿ ಮೊದಲೇ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೀದಿಯಲ್ಲಿ ಹೂವಿನವಳು ನಿಂತಲ್ಲೇ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಮೇಷ್ಟ್ರ ಮುಖದ ಮುಂದೆ ಸುತ್ತಿಸತೊಡಗಿದಳು. ಮೇಷ್ಟ್ರು ಪೇಪರನ್ನು ಅವಳಿಗೆ ಸುತ್ತಿಸಿದರು. ಒಂದು ಆಟೋ ಲೈಟು ಕಂಬಕ್ಕೆ ಬಲಗಡೆಯಿಂದ ಸುತ್ತು ಹಾಕಿತು, ಮತ್ತೊಂದು ಸುತ್ತು, ಮತ್ತೊಂದು. ಒಳಗಿದ್ದ ಪ್ರಯಾಣಿಕರು ಗಾಬರಿಯಾಗಲೇ ಇಲ್ಲ, ಅವರ ಕೈಚೀಲಗಳೂ ಸುತ್ತುತ್ತಿದ್ದವು. ಕಾತ್ಯಾಯಿನಿಗೆ ಮೊದಲು ನಗು ಬಂತು. ಆಮೇಲೆ ಒಂದು ಸಂಗತಿ ಕಣ್ಣಿಗೆ ಬಿದ್ದು ನಗು ನಿಂತುಹೋಯಿತು. ಒಬ್ಬೊಬ್ಬರಾಗಿ ಎಲ್ಲರೂ ಇವರ ಮನೆಯ ಕಡೆಗೇ ತಿರುಗುತ್ತಿದ್ದರು. ಬೀದಿಯ ಅಷ್ಟೂ ಜನ ಸದ್ದಿಲ್ಲದೆ, ರೆಪ್ಪೆ ಬಡಿಯದೆ, ಅವಳು ನಿಂತಿದ್ದ ಕಿಟಕಿಗೆ ಆರತಿ ಎತ್ತುತ್ತಿದ್ದರು.

ಅವಳು ಪರದೆ ಎಳೆದಳು. “ಆರಿಸ್ರೀ ಅದನ್ನ!” ಎಂದು ಕೂಗಿದಳು.

ಆರಿಸಿದ ಮೇಲೆ ಬೀದಿಯಲ್ಲಿ ಒಂದು ಗಲಾಟೆಯೂ ಆಗಲಿಲ್ಲ. ಹೂವಿನವಳು ಮೊಳ ಹಾಕಿದಳು, ಮೇಷ್ಟ್ರು ಪೇಪರು ಮಡಿಚಿದರು. ಯಾರಿಗೂ ಏನೂ ನೆನಪಿರಲಿಲ್ಲ. ಆಟೋದವನು ಮಾತ್ರ ಯಾಕೋ ತಲೆ ತಿರುಗುತ್ತಿದೆ ಎಂದು ಕಟ್ಟೆಯ ಮೇಲೆ ಕೂತ.

“ಲಾಲಿ ಒಂದು ನೋಡಿಬಿಡೋಣ,” ಎಂದರು ಶ್ರೀಕಂಠಯ್ಯನವರು.

“ಬೇಡಾಂದ್ರೆ ಬೇಡ!”

“ಲಾಲಿಯಿಂದ ಏನಾಗುತ್ತೆ ಹೇಳು? ಅಬ್ಬಬ್ಬಾ ಅಂದರೆ ಒಂದು ಆಕಳಿಕೆ ಬರುತ್ತೆ.”

ಕಾತ್ಯಾಯಿನಿ ಸಿಟ್ಟಿನಿಂದ ಅಡುಗೆಮನೆಗೆ ಹೋದಳು. ಕಾಫಿಪುಡಿ ಡಬ್ಬ ಮೇಲಿನ ಹಲಗೆಯಲ್ಲಿತ್ತು. ಗೋಡೆಗೆ ಒರಗಿಸಿದ್ದ ಮಣೆಗಳಲ್ಲಿ ಒಂದನ್ನು ಹಾಕಿಕೊಂಡು ಅದರ ಮೇಲೆ ಹತ್ತಿ ನಿಂತಳು. ಡಬ್ಬದಿಂದ ಪುಡಿ ತೆಗೆಯುತ್ತಿದ್ದಾಗ ಮನೆ ನಿಶ್ಶಬ್ದವಾಯಿತು. ಸುಮ್ಮನಿರುವ ಮನೆಯ ನಿಶ್ಶಬ್ದ ಬೇರೆ, ಇದು ಬೇರೆ. ಬೀದಿಯ ಹಾರನ್ನುಗಳಿಲ್ಲ, ಕಾಗೆಗಳಿಲ್ಲ, ಪಕ್ಕದ ಮನೆಯ ಕುಕ್ಕರಿಲ್ಲ.

“ರೀ?” ಎಂದಳು. ಉತ್ತರವಿಲ್ಲ.

ಕತ್ತು ಚಾಚಿ ನಡುಮನೆಯ ಕಡೆ ನೋಡಿದಳು. ಶ್ರೀಕಂಠಯ್ಯನವರು ಕುಂಬಳಕಾಯಿಯನ್ನು ತಬ್ಬಿಕೊಂಡು ನೆಲದ ಮೇಲೆ ಮಲಗಿದ್ದರು. ಕೋಮಲ ಕೂತಲ್ಲೇ ಬಾಗಿದ್ದಳು. ತುಂಗಕ್ಕ ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಫ್ಯಾನು ತಿರುಗುವುದನ್ನು ಬಿಟ್ಟು ತೊಟ್ಟಿಲಿನಂತೆ ಆ ಕಡೆ ಈ ಕಡೆ ತೂಗುತ್ತಿತ್ತು. ಕಿಟಕಿಯಾಚೆ ತಂತಿಯ ಮೇಲೆ ಒಂದು ಕಾಗೆ ಕಣ್ಣು ಮುಚ್ಚಿ ತೂಗುತ್ತಿತ್ತು.

ಎಲ್ಲರ ಎದೆಯೂ ಒಟ್ಟಿಗೆ ಏರುತ್ತಿತ್ತು, ಒಟ್ಟಿಗೆ ಇಳಿಯುತ್ತಿತ್ತು. ಕಾತ್ಯಾಯಿನಿ ನೋಡುತ್ತ ನಿಂತಳು. ಮುಂದಿನ ಉಸಿರಿಗೆ ಸ್ವಲ್ಪ ತಡವಾಯಿತು. ಅದರ ಮುಂದಿನದಕ್ಕೆ ಇನ್ನೂ ತಡವಾಯಿತು. ಅವಳಿಗೆ ಥಟ್ಟನೆ ಹೊಳೆಯಿತು: ಮಗು ನಿದ್ದೆಗೆ ಜಾರುತ್ತ ಹೋದ ಹಾಗೆ ತುಂಗಕ್ಕ ಲಾಲಿಯನ್ನು ಪ್ರತಿ ನುಡಿಗೂ ನಿಧಾನ ಮಾಡುತ್ತ ಹೋಗುತ್ತಿದ್ದರು, ಕೊನೆಯಲ್ಲಿ ನಿಲ್ಲಿಸಿಯೇ ಬಿಡುತ್ತಿದ್ದರು. ಯಂತ್ರ ಅದನ್ನೂ ಕಲಿತಿತ್ತು!

ಅವಳು ಓಡಬೇಕೆಂದು ಕಾಲು ಕೆಳಗಿಟ್ಟಳು. ಬೆರಳು ನೆಲಕ್ಕೆ ತಾಗಿದ್ದೇ ತಡ ರೆಪ್ಪೆಗಳು ಸೀಸದ ಹಾಗೆ ಭಾರವಾದವು. ಸರ್ರನೆ ಕಾಲು ಮೇಲೆಳೆದುಕೊಂಡಳು. ತನ್ನನ್ನು ಉಳಿಸಿದ್ದು ಈ ಮಣೆ ಎಂದು ಆಗ ಗೊತ್ತಾಯಿತು. ಗೋಡೆಗೆ ಒರಗಿಸಿದ್ದ ಇನ್ನೊಂದು ಮಣೆಯನ್ನು ಎಟುಕಿಸಿಕೊಂಡು ಮುಂದೆ ಹಾಕಿದಳು. ಅದರ ಮೇಲೆ ಹಾರಿ, ಹಿಂದಿನದನ್ನು ಎತ್ತಿ ಮತ್ತೆ ಮುಂದೆ ಹಾಕಿದಳು. ಬೊಜ್ಜು ಬೆಳೆದ ಮೈ, ಜರಿ ಸೀರೆ, ಎದುರಿಗೆ ಮಲಗಿದ ಗಂಡ! ದಾಟಲು ದಾರಿಯಿಲ್ಲದೆ ಗಂಡನ ಹೊಟ್ಟೆಯ ಮೇಲೇ ಮಣೆ ಹಾಕಿ ದಾಟಿದಳು. ತುಂಗಕ್ಕನ ಎದೆ ಇಳಿದಿತ್ತು, ಮತ್ತೆ ಏರಿರಲಿಲ್ಲ. ಅವಳು ಪ್ಲಗ್ಗನ್ನು ಕಿತ್ತೆಸೆದಳು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ತುಂಗಕ್ಕ ದೊಡ್ಡದಾಗಿ ಉಸಿರೆಳೆದುಕೊಂಡು ಕಣ್ಣು ಬಿಟ್ಟರು. ಬೀದಿಯ ಹಾರನ್ನುಗಳೆಲ್ಲ ಒಟ್ಟಿಗೆ ಕೂಗಿದವು.

“ಎಷ್ಟು ಚೆನ್ನಾಗಿ ನಿದ್ದೆ ಬಂತು ಕಾತ್ಯಾಯಿನೀ! ಯಾಕೆ ಅಳ್ತಾ ಇದೀಯ?”

“ಸತ್ತೇ ಹೋಗ್ತಿದ್ರಿ ಅಕ್ಕ! ಈ ಹಾಳು ಪಾತ್ರೆನ ಬಾವಿಗೆ ಹಾಕ್ತೀನಿ ನಾನು!”

“ನನ್ನ ಹೊಟ್ಟೆ ಯಾಕೋ ನೋಯ್ತಿದೆ,” ಎಂದರು ಶ್ರೀಕಂಠಯ್ಯನವರು.

ಸಂಜೆಯವರೆಗೂ ಜಗಳವಾಯಿತು. ಕಾತ್ಯಾಯಿನಿ ಬೇಡವೇ ಬೇಡ ಎಂದಳು. ಕೋಮಲ ಆ್ಯಪೇ ವಾಸಿ ಎಂದಳು. ಶ್ರೀಕಂಠಯ್ಯನವರು ಶಕ್ತಿಯನ್ನು ಚಿಟಿಕೆಯಷ್ಟಕ್ಕೆ ಇಳಿಸುತ್ತೇನೆ, ಲಾಲಿಯ ಕೊನೆಯ ನುಡಿ ಕತ್ತರಿಸುತ್ತೇನೆ, ಅಕ್ಕನೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಮಣೆಯ ಮೇಲೆ ನಿಂತರಾಯಿತು ಎಂದು ಗೋಗರೆದರು. ತುಂಗಕ್ಕ ಎಲ್ಲ ಕೇಳಿಸಿಕೊಂಡು ಕೊನೆಗೆ ಮಾತಾಡಿದರು. ಅವರ ದನಿ ಆಗಲೇ ಒಡೆದಿತ್ತು.

“ನೋಡು ಕಾತ್ಯಾಯಿನೀ, ಮುಂದಿನ ವಾರದ ಮೇಲೆ ಇದು ಇರುತ್ತೋ ಇಲ್ವೋ. ಇಟ್ಟು ಹೋಗೋದಾದರೆ ಸರಿಯಾದ ಓಟದಲ್ಲಿ ಇಟ್ಟು ಹೋಗ್ತೀನಿ. ತಪ್ಪು ಓಟದಲ್ಲಿ ಉಳಿಯೋದಕ್ಕಿಂತ ಹೋಗೋದೇ ವಾಸಿ.”

ಕಾತ್ಯಾಯಿನಿ ಹೋಗಿ ಮಣೆಗಳನ್ನು ತೊಳೆದಿಟ್ಟಳು.

ಸ್ಟುಡಿಯೋ ಇದ್ದದ್ದು ಬಸ್ ಸ್ಟ್ಯಾಂಡ್ ಹತ್ತಿರ, ಒಂದು ಬೇಕರಿಯ ಮೇಲೆ. ಮಣೆಗಳನ್ನೂ ಇಡ್ಲಿ ಪಾತ್ರೆಯನ್ನೂ ಹೊತ್ತುಕೊಂಡು ಮೆಟ್ಟಿಲು ಹತ್ತಿಬಂದವರನ್ನು ನೋಡಿ ರಫೀಕ್ ಬೆಪ್ಪಾದ.

“ಏನಮ್ಮ, ರೆಕಾರ್ಡಿಂಗಾ, ಊಟ ಬಡಿಸ್ತೀರಾ?”

“ನೀನೂ ಹತ್ತಿ ನಿಂತ್ಕೋಪ್ಪ. ಇಳಿದರೆ ನಾನು ಜವಾಬ್ದಾರಿ ಅಲ್ಲ,” ಎಂದಳು ಕಾತ್ಯಾಯಿನಿ.

ಗಾಜಿನಾಚೆ ರಫೀಕ್ ಮಣೆ ಏರಿದ. ಈಚೆ ಮೌನತಾಳ ಒಂದು ಮೂಲೆಯಲ್ಲಿ, ಅದರ ಪಕ್ಕ ಮಣೆಯ ಮೇಲೆ ಶ್ರೀಕಂಠಯ್ಯನವರು, ತುಂಗಕ್ಕ ಬರಿಗಾಲಲ್ಲಿ ಮೈಕಿನ ಮುಂದೆ, ಕಾತ್ಯಾಯಿನಿ ಮತ್ತು ಕೋಮಲ ಮಣೆಯ ಮೇಲೆ ಅವರ ಹಿಂದೆ. ಎಣ್ಣೆ ಹಾಡು ಒಂದೇ ಸಲಕ್ಕೆ ಆಯಿತು. ಆರತಿ ಹಾಡೂ ಆಯಿತು. ಲಾಲಿಯ ಹೊತ್ತಿಗೆ ತುಂಗಕ್ಕ ತೂಕಡಿಸಿದರು, ಆದರೆ ಹಾಡು ಮಾತ್ರ ಅಷ್ಟು ಇಂಪಾಗಿ ಬಂತು ಎಂದರೆ ಕಾತ್ಯಾಯಿನಿ ತನ್ನ ಸಾಲನ್ನೇ ಮರೆತಳು. ಇಷ್ಟು ವರ್ಷ ಬೆನ್ನ ಹಿಂದೆ ನಿಂತು ಕೇಳಿದ್ದನ್ನು ಅವಳು ಈಗಷ್ಟೇ ಕೇಳಿಸಿಕೊಳ್ಳುತ್ತಿದ್ದ ಹಾಗಿತ್ತು. ಉಳಿದದ್ದು ಹೆಣ್ಣೊಪ್ಪಿಸುವ ಹಾಡು.

“ಅಮ್ಮ, ಇದಕ್ಕೆ ಟೆಂಪೋ ಎಷ್ಟು?” ಎಂದ ರಫೀಕ್.

“ಗೊತ್ತಿಲ್ಲಪ್ಪ. ಕೆಳಗಿನ ಬೇಕರಿಯಿಂದ ಒಂದು ಲೋಟ ಹಾಲು ತರಿಸು.”

ಹಾಲು ಬಂತು. ತುಂಗಕ್ಕ ಪಟ್ಟಿಯನ್ನು ತಮ್ಮ ಮಣಿಕಟ್ಟಿಗೆ ಸುತ್ತಿಕೊಂಡರು. ಶ್ರೀಕಂಠಯ್ಯನವರ ಮುಖ ಸಣ್ಣದಾಯಿತು.

“ಅಕ್ಕ, ಇದನ್ನ ಮೊದಲೇ ಅಳೆದಿಲ್ಲ. ಅಳೆಯೋದು, ಕೊಡೋದು ಎರಡನ್ನೂ ಒಟ್ಟಿಗೆ ಮಾಡಿದರೆ ಏನಾಗುತ್ತೋ ನನಗೇ ಗೊತ್ತಿಲ್ಲ.”

“ಏನಾಗುತ್ತೆ? ಹಾಡಾಗುತ್ತೆ. ಕಾತ್ಯಾಯಿನೀ, ಇಳಿ ಆ ಮಣೆಯಿಂದ.”

“ನಾನಾ?”

“ಬರಿಗೈಲಿ ಈ ಹಾಡು ಹಾಡೋ ಹಾಗಿಲ್ಲ ಅಂತ ನಿನಗೆ ಗೊತ್ತಿಲ್ವೇ? ಕೈ ಕೊಡು.”

ಗಂಡ ಬೇಡ ಎಂದು ತಲೆಯಾಡಿಸುತ್ತಿದ್ದದ್ದು ಕಾತ್ಯಾಯಿನಿಗೆ ಕಂಡಿತು. ಅವಳಿಗೂ ಭಯವಾಗಿತ್ತು. ಆದರೆ ತುಂಗಕ್ಕ ಈವರೆಗೆ ಒಂದು ಹಾಡಿನಲ್ಲೂ ಅವಳನ್ನು ಮುಂದಕ್ಕೆ ಕರೆದಿರಲಿಲ್ಲ. ಅವಳು ಇಳಿದಳು. ತುಂಗಕ್ಕ ತಮ್ಮ ಕೈಯನ್ನು ಹಾಲಿನಲ್ಲಿ ಅದ್ದಿ ಅವಳ ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ ಹಾಡಿದರು.

*ನಮ್ಮ ಅಂಗಳದ ಹಕ್ಕಿ ನಿಮ್ಮ ಮಾಡಿಗೆ ಬಂತು,*
*ನೀರಿಡಿ, ನೆರಳಿಡಿ, ನಿಮ್ಮದಾಗಿ ಇಡಿ…*

ಅಂಗಾಲಿನಿಂದ ತಟ್ಟು ಏರಿತು. ಕಿಟಕಿಯಾಚೆ ಬೇಕರಿಯವನು ಬನ್ನಿನ ತಟ್ಟೆಯನ್ನು ಯಾರೋ ದಾರಿಹೋಕರ ಕೈಗಿಟ್ಟು, “ಚೆನ್ನಾಗಿ ನೋಡ್ಕೊಳ್ಳಿ” ಎಂದು ಬಿಕ್ಕಿದ. ಬಸ್ಸಿನ ಡ್ರೈವರು ಇಳಿದು ಬಂದು ಕೀಲಿಕೈಯನ್ನು ಒಬ್ಬ ಮುದುಕಿಗೆ ಒಪ್ಪಿಸಿ ಕಣ್ಣೊರೆಸಿಕೊಂಡ. ಮುದುಕಿ ಸೆರಗಿನಲ್ಲಿ ಕಟ್ಟಿಕೊಂಡಳು. ಮಣೆಯ ಮೇಲಿದ್ದ ಕೋಮಲ, ರಫೀಕ್ ಇಬ್ಬರೂ ಅಳುತ್ತಿದ್ದರು. ಅದು ಯಂತ್ರದಿಂದಲೋ ಹಾಡಿನಿಂದಲೋ ಹೇಳುವುದು ಕಷ್ಟ.

ಕಾತ್ಯಾಯಿನಿಗೆ ಇದಾವುದೂ ಕಾಣಲಿಲ್ಲ. ಹಾಲಿನ ಅಂಗೈಯಿಂದ ಬೆಚ್ಚಗಿನದೇನೋ ಮಣಿಕಟ್ಟಿಗೆ ಏರುತ್ತಿತ್ತು. ಮೊಣಕೈ ದಾಟಿತು, ಭುಜ ದಾಟಿತು, ಕೊರಳಿಗೆ ಬಂದು ಮೆಲ್ಲಗೆ ಕೂತಿತು. ಕೊನೆಯ ಸಾಲಿನ ಹೊತ್ತಿಗೆ ತುಂಗಕ್ಕನ ತುಟಿಗಳು ಆಡುತ್ತಿದ್ದವು. ಹಾಡು ಮಾತ್ರ ಬೇರೆಲ್ಲಿಂದಲೋ, ತೀರಾ ಹತ್ತಿರದಿಂದ ಬರುತ್ತಿತ್ತು.

“ಸೂಪರ್ ಅಮ್ಮ! ಒಂದೇ ಟೇಕು!” ಎಂದ ರಫೀಕ್ ಮೂಗು ಸೀಟುತ್ತಾ.

ತುಂಗಕ್ಕ ಏನೋ ಹೇಳಲು ಬಾಯಿ ತೆರೆದರು. ಏನೂ ಹೊರಡಲಿಲ್ಲ. ಕೆಮ್ಮಿದರು, ಕೆಮ್ಮಿಗೂ ಸದ್ದಿರಲಿಲ್ಲ. ಕೈ ಗಂಟಲಿಗೆ ಹೋಯಿತು.

“ಅಕ್ಕಾ!” ಎಂದು ಕಾತ್ಯಾಯಿನಿ ಚೀರಿದಳು.

ಅವಳ ಬಾಯಿಂದ ಬಂದದ್ದು ತುಂಗಕ್ಕನ ದನಿ. ಅದರ ಬೆನ್ನಿಗೇ, ಒಂದು ಚೂರು ತಡವಾಗಿ, ಅವಳದೇ ದನಿ ಇನ್ನೊಂದು ಸಲ “ಅಕ್ಕಾ” ಎಂದಿತು.

ಮೂಲೆಯಲ್ಲಿ ಮೌನತಾಳದಿಂದ ಉಗಿ ಏಳುತ್ತಿತ್ತು. ಶ್ರೀಕಂಠಯ್ಯನವರು ಅದರ ಮೇಲೆ ಬಿದ್ದು ತಿರುಗಣೆಗಳನ್ನು ಹಿಡಿದರು. “ಗಾಬರಿಯಾಗಬೇಡಿ! ಹಿಂದಕ್ಕೆ ತಿರುಗಿಸ್ತೀನಿ, ಎಲ್ಲಿಂದ ಹೋಯ್ತೋ ಅಲ್ಲಿಗೇ ವಾಪಸ್ ಬರುತ್ತೆ! ಕೈ ಬಿಡಬೇಡಿ!”

ತುಂಗಕ್ಕ ಕೈ ಬಿಟ್ಟರು. ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಿ ತಮ್ಮನ ಕಡೆ ಎಸೆದು, ಬೇಡ ಎಂದು ತಲೆಯಾಡಿಸಿದರು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ಮಗಳ ಮದುವೆ ಮುಗಿಸಿ ಮಂಟಪದ ಮೂಲೆಯಲ್ಲಿ ಕಾಲು ಚಾಚಿ ಕೂತವರ ಆಯಾಸ, ನೆಮ್ಮದಿ ಎರಡೂ ಇದ್ದವು. ಅವರು ಸೆರಗಿನ ತುದಿಯಿಂದ ಕಾತ್ಯಾಯಿನಿಯ ಅಂಗೈಯ ಹಾಲನ್ನು ನಿಧಾನವಾಗಿ ಒರೆಸಿದರು. ಕಾತ್ಯಾಯಿನಿ ಅತ್ತಳು. ಆ ಅಳುವೂ ತುಂಗಕ್ಕನದೇ ಆಗಿತ್ತು. ಅವರು ಜೋರಾಗಿ ಅಳುವುದನ್ನು ಅವಳು ಈವರೆಗೆ ಕೇಳಿರಲೇ ಇಲ್ಲ.

ಆಪರೇಶನ್ ಸುಸೂತ್ರವಾಗಿ ಆಯಿತು. ಗಂಟು ಪೂರ್ತಿ ತೆಗೆದಿದ್ದೇವೆ, ಗಂಟಲೆಲ್ಲ ಸರಿಯಾಗಿದೆ, ಒಳಗೆ ದನಿ ಮಾತ್ರ ಎಲ್ಲೂ ಸಿಗಲಿಲ್ಲ ಎಂದು ಡಾಕ್ಟರು ತಲೆ ಕೆರೆದುಕೊಂಡರು.

ಈಗ ಮದುವೆಮನೆಗಳಲ್ಲಿ ಕಾತ್ಯಾಯಿನಿಯೇ ಮುಂದೆ ನಿಲ್ಲುತ್ತಾಳೆ. ಬಾಯಿ ತೆರೆದರೆ ಮೊದಲು ತುಂಗಕ್ಕನ ದನಿ, ಹಿಂದೆಯೇ ಅವಳದು. ಕಲಿಯದ ಹಾಡುಗಳೂ ಅವಳ ಬಾಯಿಗೆ ಬರುತ್ತವೆ. ಮುಂದಿನ ಸಾಲು ಏನೆಂದು ಅವಳಿಗೇ ಗೊತ್ತಿರುವುದಿಲ್ಲ, ಹಾಡಿ ಮುಗಿಸಿ ಮೈ ಜುಮ್ಮೆಂದು ಕೂರುತ್ತಾಳೆ. ತುಂಗಕ್ಕ ಮೊದಲ ಸಾಲಿನ ಕುರ್ಚಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೇಳುತ್ತಾರೆ. ಒಂದೊಂದು ಸಲ ಸಾಲು ಮುಗಿಯುವ ಮುಂಚೆಯೇ ಭೇಷ್ ಎನ್ನುವಂತೆ ಕೈಯೆತ್ತುತ್ತಾರೆ.

ಶ್ರೀಕಂಠಯ್ಯನವರು ಮಾತ್ರ ಇಳಿದುಹೋಗಿದ್ದಾರೆ. ಮೊನ್ನೆ ಅವರು ಮಿಕ್ಸಿಯ ಸ್ಕ್ರೂ ಬಿಚ್ಚಲು ಕೂತದ್ದೇ ತಡ, ಅಡುಗೆಮನೆಯಿಂದ ಅಕ್ಕನ ದನಿ ಗುಡುಗಿತು. ಅದು ಮುಗಿಯುವುದರೊಳಗೆ ಹೆಂಡತಿಯ ದನಿ ಅದನ್ನೇ ಅಕ್ಷರಕ್ಷರವಾಗಿ ಮತ್ತೆ ಗುಡುಗಿತು. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ಹೊರಗೆ ಬಂದು ಪುಟ್ಟಸ್ವಾಮಿ ಮೇಷ್ಟ್ರ ಗೇಟಿಗೆ ಒರಗಿ ನಿಂತರು.

“ಮೊದಲೂ ಇಬ್ಬರೂ ಬೈತಿದ್ದರು ಮೇಷ್ಟ್ರೇ. ಆದರೆ ಒಬ್ಬರು ಊರಲ್ಲಿ ಇಲ್ಲದಾಗ ಅರ್ಧ ಉಳಿತಾಯ ಆಗೋದು,” ಎಂದರು.